ಅವಳು ಏನನ್ನು ನೋಡುತ್ತಿದ್ದಳು?

ಕ್ಯಾಮೆರಾ ಎಂದರೆ ಪೆಟಾರಿಯಷ್ಟು ದೊಡ್ಡ ಮರದ ಪೆಟ್ಟಿಗೆಯಾಗಿದ್ದ ಕಾಲ. ಚಿತ್ರ ಮೂಡುತ್ತಿದ್ದುದು ಗಾಜಿನ ಮೇಲೆ; ಆ ಗಾಜಿನಿಂದ ಕಾಗದಕ್ಕೆ ಎಷ್ಟು ಪ್ರತಿ ಬೇಕಾದರೂ ಇಳಿಸಬಹುದಿತ್ತು.

ಆಗ ತುಂಗಭದ್ರೆಯ ದಡದ ಒಂದು ಹಳೆಯ ಕಲ್ಲುಮಂಟಪದಲ್ಲಿ ಮೌನೇಶಾಚಾರ್ಯರೆಂಬ ಗುರುಗಳಿದ್ದರು. ಮೊದಲು ದೇವಸ್ಥಾನಗಳ ಛಾವಣಿಗೆ ಬಣ್ಣದ ಚಿತ್ರ ಬರೆಯುತ್ತಿದ್ದವರು. ಆಮೇಲೆ ಬೆಳಕಿನಿಂದಲೇ ಚಿತ್ರ ತೆಗೆಯುವುದನ್ನು ಕಲಿತರು. ಕಲಿತದ್ದನ್ನು ಬಂದವರಿಗೆ ಕಲಿಸಿದರು. ಜನ ಆ ಮಂಟಪವನ್ನು ಬಿಂಬದ ಮಠ ಎನ್ನುತ್ತಿದ್ದರು.

ಅಲ್ಲಿ ವಾದಿರಾಜ ಎಂಬ ಶಿಷ್ಯನಿದ್ದ. ಕೈ ಚುರುಕು, ಕಣ್ಣು ಅದಕ್ಕಿಂತ ಚುರುಕು. ತನ್ನ ಹಾಗೆ ಬೆಳಕನ್ನು ಹಿಡಿಯುವವರು ಆ ಸೀಮೆಯಲ್ಲೇ ಇಲ್ಲ ಎಂದು ಅವನು ತಿಳಿದಿದ್ದ. ಅದು ಸುಳ್ಳೂ ಅಲ್ಲ.

ಒಂದು ಬೆಳಿಗ್ಗೆ ಅವನು ಗುರುಗಳ ಮುಂದೆ ಒಂದು ಕಾಗದದ ಚಿತ್ರ ತಂದಿಟ್ಟ.

ಬಂಡೆಗೆ ಒರಗಿ ನಿಂತ ಒಬ್ಬಳು ಹೆಣ್ಣು. ನೆನೆದ ತೆಳು ಸೀರೆ. ಸೆರಗು ಜಾರಿ ಹೆಗಲು ಬರಿದಾಗಿದೆ. ಕೂದಲು ಬಿಚ್ಚಿದೆ. ತುಟಿ ಅರ್ಧ ತೆರೆದಿದೆ. ಕಣ್ಣು ಚಿತ್ರದ ಅಂಚು ದಾಟಿ ದೂರ ಎಲ್ಲಿಗೋ ಹೋಗಿದೆ. ಆ ಕಣ್ಣು ನೋಡಿದರೆ ಎಂಥವರಿಗೂ ಎದೆ ಒಮ್ಮೆ ನಿಂತು ಹೊಡೆದುಕೊಳ್ಳಬೇಕು.

ಗುರುಗಳು ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ," ಎಂದರು.

ವಾದಿರಾಜ ಅವರ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ಅವನ ಮುಖ ಅರಳಿತು.

"ಅವಳು ಏನನ್ನು ನೋಡುತ್ತಿದ್ದಾಳೆ?" ಎಂದು ಗುರುಗಳು ಕೇಳಿದರು.

"ಬಾರದವನ ದಾರಿಯನ್ನು, ಗುರುಗಳೇ. ಚಿತ್ರಕ್ಕೆ 'ವಿರಹಿಣಿ' ಎಂದು ಹೆಸರಿಟ್ಟಿದ್ದೇನೆ."

"ಹೆಸರು ನೀನಿಟ್ಟದ್ದು. ಅವಳು ಏನನ್ನು ನೋಡುತ್ತಿದ್ದಳು ಎಂದು ಕೇಳಿದೆ."

ವಾದಿರಾಜ ತಡವರಿಸಿದ. "ನನಗೆ ಹೇಗೆ ಗೊತ್ತಾಗಬೇಕು? ನಾನು ಕ್ಯಾಮೆರಾದ ಹಿಂದೆ, ಕಪ್ಪು ಬಟ್ಟೆಯೊಳಗೆ ಇದ್ದೆ."

"ಹಾಗಾದರೆ ಚಿತ್ರ ಇನ್ನೂ ಮುಗಿದಿಲ್ಲ. ಹೋಗಿ ಅವಳನ್ನೇ ಕೇಳಿ ಬಾ."

ವಾದಿರಾಜನಿಗೆ ನಗು ಬಂತು. ತಡೆದುಕೊಂಡ.

"ಗುರುಗಳೇ, ಅವಳು ಆಚೆ ದಡದ ಅಂಬಿಗರವಳು. ಹರಿಗೋಲು ಹುಟ್ಟು ಹಾಕುವವಳು. ನಿಲ್ಲು ಎಂದೆ, ನಿಂತಳು. ಅವಳಿಗೆ ಕಲೆ ಏನು ಗೊತ್ತು? ಶಿಲ್ಪಿ ಕಲ್ಲನ್ನು ಕೇಳಿ ಕೆತ್ತುತ್ತಾನೆಯೇ?"

"ಕಲ್ಲು ತಾನೇ ನಡೆದುಬಂದು ನಿನ್ನ ಮುಂದೆ ನಿಂತಿತ್ತೋ?"

"ಅದು ಬೇರೆ ಮಾತು. ಈ ಚಿತ್ರದ ವಿಷಯ ಬರೆದಿದ್ದೆ; ಇದಕ್ಕಾಗಿ ಮದರಾಸಿನ ಚಿತ್ರವ್ಯಾಪಾರಿ ಚೆಂಗಲ್ವರಾಯ ಮೊದಲಿಯಾರರು ತಾವೇ ಹೊರಟು ಬರುತ್ತಿದ್ದಾರೆ. ಇದನ್ನು ಅಂಚೆಕಾರ್ಡಿನ ಮೇಲೆ ಅಚ್ಚು ಹಾಕಿ ವಿಲಾಯತಿಗೂ ಕಳಿಸುತ್ತಾರಂತೆ. ಕೆಳಗೆ ನನ್ನ ಹೆಸರು ಇರುತ್ತದೆ. ಬಿಂಬದ ಮಠದ ಹೆಸರೂ ಇರುತ್ತದೆ."

ಗುರುಗಳು ಎದ್ದು ನಿಂತರು. ಹೊರಗೆ ಸ್ನಾನಘಟ್ಟದ ಕಡೆ ನೋಡಿದರು.

"ಬೆಳಕು ಚೆನ್ನಾಗಿದೆ," ಎಂದರು. "ಬಾ, ನಿನ್ನದೊಂದು ಚಿತ್ರ ತೆಗೆಯುತ್ತೇನೆ."

ವಾದಿರಾಜ ಹಿಗ್ಗಿದ. ಗುರುಗಳು ತಮ್ಮ ಕೈಯಾರೆ ಶಿಷ್ಯನೊಬ್ಬನ ಚಿತ್ರ ತೆಗೆದದ್ದೇ ಇರಲಿಲ್ಲ. ಓಡಿಹೋಗಿ ಹೊಸ ಕೋಟು ಹಾಕಿಕೊಂಡು ಬಂದ.

"ಕೋಟು ತೆಗೆ," ಎಂದರು ಗುರುಗಳು.

ತೆಗೆದ.

"ಅಂಗಿ ತೆಗೆ."

ಅದನ್ನೂ ತೆಗೆದ.

"ಜುಟ್ಟು ಬಿಚ್ಚು. ಆ ಬಂಡೆಯ ಮೇಲೆ ನಿಲ್ಲು."

ಅವನು ನಿಂತ ಮೇಲೆ ಗುರುಗಳು ಒಂದು ಕೊಡ ನೀರು ತಂದು ಅವನ ತಲೆಯ ಮೇಲೆ ಸುರಿದರು. ಪಂಚೆ ಮೈಗೆ ಅಂಟಿಕೊಂಡಿತು.

"ಗುರುಗಳೇ!"

"ಮಾತಾಡಬೇಡ, ಚಿತ್ರ ಕೆಡುತ್ತದೆ. ಗದ್ದ ಸ್ವಲ್ಪ ಮೇಲೆ. ಇನ್ನೂ ಮೇಲೆ. ಹೆಂಡತಿ ಬಿಟ್ಟುಹೋದವನ ಹಾಗೆ ದೂರ ನೋಡು. ಹಾಂ, ಹಾಗೆ. ಅಲ್ಲಾಡಬೇಡ."

ಗುರುಗಳು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದರು. ಹೊರಗೆ ಬರಲೇ ಇಲ್ಲ.

ನೀರಿಗೆ ಬಂದ ಹೆಂಗಸರು ಕೊಡ ಇಳಿಸಿ ನಿಂತರು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ಸೆರಗು ಬಾಯಿಗೆ ಇಟ್ಟುಕೊಂಡರು. ಬಟ್ಟೆ ಒಗೆಯುತ್ತಿದ್ದವನು ಒಗೆಯುವುದನ್ನು ನಿಲ್ಲಿಸಿದ. ಎಮ್ಮೆ ಕಾಯುವ ಹುಡುಗರು ಬಂಡೆಯ ಸುತ್ತ ಬಂದು ಕುಕ್ಕರಗಾಲಲ್ಲಿ ಕೂತರು.

ವಾದಿರಾಜನ ಕಾಲ ಮೇಲೆ ಒಂದು ಇರುವೆ ಹತ್ತಿತು. ಮೊಣಕಾಲು ದಾಟಿತು.

"ಗುರುಗಳೇ, ಸಾಕು."

"ಅಲ್ಲಾಡಬೇಡ ಎಂದೆನಲ್ಲ!"

ಕೊನೆಗೆ ಗುರುಗಳು ತಲೆ ಹೊರಗೆ ತೆಗೆದರು.

"ಭೇಷ್! ಕಣ್ಣಲ್ಲಿ ಎಂಥ ವೈರಾಗ್ಯ! ಈ ಚಿತ್ರಕ್ಕೆ 'ತಪಸ್ವಿ' ಎಂದು ಹೆಸರಿಡುತ್ತೇನೆ. ಊರಿನ ಚಾವಡಿಯಲ್ಲಿ ತೂಗು ಹಾಕಿಸುತ್ತೇನೆ."

"ಯಾವ ವೈರಾಗ್ಯ? ಇರುವೆ ಕಚ್ಚುತ್ತಿತ್ತು! ಜನ ನಗುತ್ತಿದ್ದರು! ಇದು ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿದ್ದೆ." ಅವನು ಅಂಗಿ ಎಳೆದುಕೊಂಡ. "ದಯವಿಟ್ಟು ಅದನ್ನು ಯಾರಿಗೂ ತೋರಿಸಬೇಡಿ."

"ಏಕೆ? ನಿಲ್ಲು ಎಂದೆ, ನಿಂತೆ. ನೀನು ಒಪ್ಪಿದ್ದೆಯಲ್ಲ?"

"ನೀವು ಗುರುಗಳು. ನಿಮಗೆ ಬೇಡ ಎನ್ನುವುದು ಹೇಗೆ?"

ಗುರುಗಳು ಕ್ಯಾಮೆರಾದ ಹಿಂಬದಿ ತೆರೆದು ತೋರಿಸಿದರು. ಒಳಗೆ ಗಾಜೇ ಇರಲಿಲ್ಲ.

ವಾದಿರಾಜ ಖಾಲಿ ಪೆಟ್ಟಿಗೆಯನ್ನು ನೋಡುತ್ತ ನಿಂತ. ಆಮೇಲೆ ಒಳಗೆ ಹೋಗಿ ಚಿತ್ರವನ್ನು ಬಟ್ಟೆಯಲ್ಲಿ ಸುತ್ತಿಕೊಂಡ. ನದಿ ದಾಟುವ ಹರಿಗೋಲು ಹತ್ತಿದ.

ಆಚೆ ದಡದಲ್ಲಿ ಅವಳು ಹರಿಗೋಲನ್ನು ಬೋರಲು ಹಾಕಿಕೊಂಡು ಅದರ ತೊಗಲಿಗೆ ಹೊಲಿಗೆ ಹಾಕುತ್ತಿದ್ದಳು. ಇವನನ್ನು ಕಂಡು ಎದ್ದು ನಿಂತು ಸೆರಗು ಸರಿಮಾಡಿಕೊಂಡಳು.

"ಬರ್ರಿ ಧಣ್ಯಾರ. ಮತ್ತ ನಿಂದ್ರಬೇಕೇನ್ರಿ?"

"ಇಲ್ಲಮ್ಮ. ಒಂದು ಮಾತು ಕೇಳಬೇಕಿತ್ತು." ಅಲ್ಲಿಯವರೆಗೆ ಹೊಳೆಯದ ಮಾತೊಂದು ಅವನಿಗೆ ಹೊಳೆಯಿತು. "ನಿನ್ನ ಹೆಸರೇನು?"

"ಹುಲಿಗೆವ್ವ ಅಂತಾರ್ರಿ."

ಅವನು ಬಟ್ಟೆ ಬಿಚ್ಚಿ ಚಿತ್ರ ಕೊಟ್ಟ. ಹುಲಿಗೆವ್ವ ಕೈಯನ್ನು ಸೀರೆಗೆ ಒರೆಸಿಕೊಂಡು ಹಿಡಿದಳು. ಮೊದಲು ಅವಳಿಗೆ ಅದು ಯಾರೆಂದು ತಿಳಿಯಲಿಲ್ಲ. ತಿಳಿದ ಕೂಡಲೇ ಹೆಬ್ಬೆರಳನ್ನು ಚಿತ್ರದ ಮೇಲಿಟ್ಟು ಬರಿದಾದ ಹೆಗಲನ್ನು ಮುಚ್ಚಿದಳು. ಮುಚ್ಚಿಕೊಂಡೇ ನೋಡಿದಳು.

"ಹುಲಿಗೆವ್ವ, ಆಗ ನೀನು ಏನನ್ನು ನೋಡುತ್ತಿದ್ದೆ?"

ಅವಳು ತಲೆಯೆತ್ತಿದಳು.

"ನಿಮಗ ಗೊತ್ತಿಲ್ಲೇನ್ರಿ?"

"ಇಲ್ಲ."

"ನನ್ನ ಕೂಸನ್ನ ನೋಡತಿದ್ನಿರಿ."

ಅವನಿಗೆ ನೆನಪಾಯಿತು. ಹೌದು, ಒಂದು ಮಗುವಿತ್ತು. ತಾಯಿಯ ಸೀರೆ ಹಿಡಿದುಕೊಂಡು ಬಿಡಲೊಲ್ಲದೆ ಅಳುತ್ತಿತ್ತು. ಚಿತ್ರಕ್ಕೆ ಅಡ್ಡ ಬರುತ್ತದೆಂದು ತಾನೇ ಅದನ್ನು ಎತ್ತಿಕೊಂಡು ಹೋಗಿ ಬಂಡೆಯ ಮೇಲೆ ಆ ಬದಿಗೆ ಕೂರಿಸಿ ಬಂದಿದ್ದ.

"ನೀವು ಕಪ್ಪು ಅರಿಬಿ ಹೊಚಿಗೊಂಡ್ರಿ," ಎಂದಳು ಹುಲಿಗೆವ್ವ. "ಕೂಸು ಕಲ್ಲಬಂಡಿ ಇಳೀತು. ನೀರಿನ ಕಡೆ ಹೊಂಟತು. ಅಲ್ಲಿ ಸುಳಿ ಐತ್ರಿ. ನಮ್ಮ ಮಂದೀನ ಅಲ್ಲಿ ಕಾಲಿಡಂಗಿಲ್ಲ."

"ಕೂಗಬಾರದಿತ್ತೇ?"

"ಬಾಯಿ ತಗದಿದ್ನಿರಿ. ಅಷ್ಟರಾಗ ನೀವು ಒಳಗಿಂದ ಅಂದ್ರಿ, ಹಾಂ, ಹಂಗಽ ಇರು, ಅಲ್ಲಾಡಬ್ಯಾಡ, ಅಲ್ಲಾಡಿದ್ರ ಎಲ್ಲಾ ಕೆಡತೈತಿ ಅಂತ."

ವಾದಿರಾಜ ಚಿತ್ರದಲ್ಲಿನ ಅರ್ಧ ತೆರೆದ ತುಟಿಯನ್ನು ನೋಡಿದ.

"ನಿಮ್ಮಂಥೋರ ಮಾತು ಮೀರಿ ರೂಢಿ ಇಲ್ರಿ ನಮಗ. ಒಂದು ಗಳಿಗಿ ನಿಂತುಬಿಟ್ನಿ. ಒಂದಽ ಗಳಿಗಿ." ಅವಳು ಚಿತ್ರವನ್ನು ಹರಿಗೋಲಿನ ಬೆನ್ನ ಮೇಲೆ ಇಟ್ಟಳು. "ಆಮ್ಯಾಲ ಓಡಿದ್ನಿ. ಕೂದಲಾ ಸಿಕ್ತು ಕೈಗೆ. ಕೂದಲಾ ಹಿಡದು ಎಳಕೊಂಡ್ನಿ."

ಅವಳು ಓಡಿದ್ದು ವಾದಿರಾಜನಿಗೆ ನೆನಪಿತ್ತು. ಅಷ್ಟರಲ್ಲಿ ಕ್ಯಾಮೆರಾದ ಮುಚ್ಚಳ ಹಾಕಿಯಾಗಿತ್ತು, ಅವನಿಗೆ ಬೇಕಾದದ್ದು ಸಿಕ್ಕಿತ್ತು. ನಾಚಿಕೊಂಡು ಓಡಿದಳು ಎಂದುಕೊಂಡಿದ್ದ. ತಿರುಗಿ ನೋಡಿರಲಿಲ್ಲ. ಪೆಟ್ಟಿಗೆ ಕಟ್ಟಿಕೊಳ್ಳುತ್ತ ಸಿಳ್ಳೆ ಹಾಕಿದ್ದ.

"ಮಗು ಈಗ ಎಲ್ಲಿ?"

ಹುಲಿಗೆವ್ವ ಮೇಲಕ್ಕೆ ಕೈ ತೋರಿಸಿದಳು. ದಡದಿಂದ ಬಹಳ ಮೇಲೆ, ಹುಣಸೆಮರದ ಬುಡದಲ್ಲಿ, ಒಂದು ಹೆಣ್ಣುಮಗು ಅಜ್ಜಿಯ ತೊಡೆಗೆ ಆತುಕೊಂಡು ಕೂತಿತ್ತು.

"ಅಂಬಿಗರ ಕೂಸು ನೀರಿಗೆ ಅಂಜತೈತ್ರಿ ಈಗ. ಹರಗೋಲು ಕಂಡ್ರ ಚೀರತೈತಿ."

ವಾದಿರಾಜ ಏನೋ ಹೇಳಹೋದ. ಅವಳೇ ಕೇಳಿದಳು:

"ಇದನ್ನ ಏನ್ ಮಾಡ್ತೀರಿ ಧಣ್ಯಾರ?"

ಅವನು ಮುಚ್ಚಿಡಲಿಲ್ಲ. ಅಂಚೆಕಾರ್ಡಿನ ವಿಷಯ ಹೇಳಿದ. ಮದರಾಸಿನಲ್ಲಿ ಮಾರುತ್ತಾರೆ, ಹಡಗಿನ ಮೇಲೆ ಹೋಗುತ್ತದೆ, ಯಾರು ಯಾರೋ ಕೊಂಡು ಇಟ್ಟುಕೊಳ್ಳುತ್ತಾರೆ ಎಂದ.

"ಅವರು ನನ್ನ ಹೆಂಗ ನೋಡ್ತಾರ್ರಿ?"

ವಾದಿರಾಜನಿಗೆ ಉತ್ತರ ಗೊತ್ತಿತ್ತು.

"ಇದರಾಗ ನನ್ನ ಕೂಸು ಇಲ್ಲ. ಸುಳಿ ಇಲ್ಲ. ನನ್ನ ಹರಗೋಲು ಇಲ್ಲ. ಬರೇ ಮೈ ಐತಿ," ಎಂದಳು ಹುಲಿಗೆವ್ವ. ಚಿತ್ರವನ್ನು ಅವನ ಕೈಗೆ ವಾಪಸ್ಸು ಕೊಟ್ಟಳು. "ಬ್ಯಾಡ್ರಿ."

ಅವಳು ಗುಡಿಸಲೊಳಗೆ ಹೋಗಿ ಒಂದು ಸೀರೆ ತಂದಳು. ಚಿತ್ರಕ್ಕೆಂದು ಅವನೇ ಕೊಟ್ಟಿದ್ದ ತೆಳು ಸೀರೆ. ಒಗೆದು ಮಡಿಸಿ ಇಟ್ಟಿದ್ದಳು.

"ಇದನ್ನೂ ಒಯ್ರಿ. ನಮ್ಮ ಕೆಲಸಕ್ಕ ಬರಂಗಿಲ್ಲ. ಕಡ್ಡಿ ತಾಗಿದ್ರ ಹರೀತೈತಿ."

ವಾದಿರಾಜ ಮಠಕ್ಕೆ ಬಂದವನು ಊಟ ಮಾಡಲಿಲ್ಲ. ಗುರುಗಳು ಕೇಳಲೂ ಇಲ್ಲ. ಸಂಜೆ ಅವನೇ ಬಂದು ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದ.

"ಗುರುಗಳೇ, ಇನ್ನು ನಾನು ಮನುಷ್ಯರ ಚಿತ್ರ ತೆಗೆಯುವುದಿಲ್ಲ. ಗುಡಿ ತೆಗೆಯುತ್ತೇನೆ, ಗುಡ್ಡ ತೆಗೆಯುತ್ತೇನೆ. ಹೆಣ್ಣಿನ ಕಡೆ ಕ್ಯಾಮೆರಾ ತಿರುಗಿಸುವುದೇ ಇಲ್ಲ."

"ಕಣ್ಣು ಕಿತ್ತುಕೊಂಡವನು ಸಜ್ಜನನಾಗುವುದಿಲ್ಲ, ವಾದಿರಾಜ. ಕುರುಡನಾಗುತ್ತಾನೆ."

"ಮತ್ತೆ ಏನು ಮಾಡಲಿ?"

"ನಾಳೆ ಮೊದಲಿಯಾರರು ಬರುತ್ತಾರೆ. ಅವರಿಗೆ ಕಾಫಿ ಮಾಡು."

ಚೆಂಗಲ್ವರಾಯ ಮೊದಲಿಯಾರರು ಜೋಡೆತ್ತಿನ ಗಾಡಿಯಲ್ಲಿ ಬಂದರು. ನಗುಮುಖದ ಮನುಷ್ಯ. ಕಾಫಿಯನ್ನು ಹೊಗಳಿದರು, ನದಿಯ ಗಾಳಿಯನ್ನು ಹೊಗಳಿದರು. ಆಮೇಲೆ ಚಿತ್ರವನ್ನು ಎತ್ತಿ ನೋಡಿ ವಾದಿರಾಜನ ಭುಜದ ಮೇಲೆ ಕೈಯಿಟ್ಟರು.

"ತಮ್ಮಾ, ಇಂಥ ಕಣ್ಣು ನಾನು ಎಲ್ಲೂ ನೋಡಿಲ್ಲ. ಆ ಗಾಜು ಕೊಡು. ಮುಂದಿನ ತಿಂಗಳು ನೀನೂ ಮದರಾಸಿಗೆ ಬಾ. ಸಮುದ್ರದ ಕಡೆಗೆ ಕಿಟಕಿಯಿರುವ ಸ್ಟುಡಿಯೋ ಕೊಡಿಸುತ್ತೇನೆ. ಬಡಗಣ ದಿಕ್ಕಿನ ತಂಪು ಬೆಳಕು, ಹೊಸ ಲೆನ್ಸು. ಬೇಕಾದಷ್ಟು ಹೆಣ್ಣುಗಳನ್ನು ನಾನೇ ಕಳಿಸುತ್ತೇನೆ."

ಸಮುದ್ರದ ಕಿಟಕಿ ಎಂದಾಗ ವಾದಿರಾಜನ ಮುಖದಲ್ಲಿ ಒಂದು ಆಸೆ ಸುಳಿದು ಹೋಯಿತು. ಗುರುಗಳು ಅದನ್ನು ನೋಡಿದರು.

"ಗಾಜು ಕೊಡಲಾಗುವುದಿಲ್ಲ, ಮೊದಲಿಯಾರರೇ," ಎಂದ ವಾದಿರಾಜ. "ಅವಳು ಬೇಡ ಎಂದಿದ್ದಾಳೆ."

"ಯಾರು?"

"ಚಿತ್ರದಲ್ಲಿರುವ ಹುಲಿಗೆವ್ವ."

ಮೊದಲಿಯಾರರು ಗಟ್ಟಿಯಾಗಿ ನಕ್ಕರು. "ಅವಳನ್ನು ಯಾಕೆ ಕೇಳಲಿಕ್ಕೆ ಹೋದೆ ನೀನು? ಚಿತ್ರ ತೆಗೆದವನು ನೀನು. ಅವಳು ಸುಮ್ಮನೆ ನಿಂತಿದ್ದಳು."

"ಸುಮ್ಮನೆ ನಿಂತಿರಲಿಲ್ಲ. ಅವಳ ಮಗು ಮುಳುಗುತ್ತಿತ್ತು."

ಮೊದಲಿಯಾರರ ನಗು ನಿಂತಿತು. ಚಿತ್ರವನ್ನು ಇನ್ನೊಮ್ಮೆ ಎತ್ತಿ ನೋಡಿದರು. ಒಂದು ಕ್ಷಣ ಅವರಿಗೂ ಏನೋ ತಟ್ಟಿದ ಹಾಗಿತ್ತು. ಆದರೆ ಒಳಗಿದ್ದ ವ್ಯಾಪಾರಿ ಬೇಗ ಸಾವರಿಸಿಕೊಂಡ.

"ಅದು ಕೊಳ್ಳುವವರಿಗೆ ಗೊತ್ತಾಗುವುದಿಲ್ಲವಲ್ಲ," ಎಂದರು.

"ನನಗೆ ಗೊತ್ತು."

"ನೀನು ಕೊಡದಿದ್ದರೆ ಇನ್ನೊಬ್ಬ ಇನ್ನೊಬ್ಬಳನ್ನು ನಿಲ್ಲಿಸುತ್ತಾನೆ."

"ನಿಲ್ಲಿಸಬಹುದು. ಇವಳನ್ನು ನಾನು ಕೊಡುವುದಿಲ್ಲ."

ಮೊದಲಿಯಾರರು ಗುರುಗಳ ಕಡೆ ತಿರುಗಿದರು. "ಸ್ವಾಮಿ, ಮಠ ನಿಮ್ಮದು, ಗಾಜು ನಿಮ್ಮದು. ನೀವಾದರೂ ಬುದ್ಧಿ ಹೇಳಿ."

"ಹೇಳುವಷ್ಟು ಹೇಳಿದ್ದೇನೆ," ಎಂದರು ಗುರುಗಳು. "ಇನ್ನೊಂದು ಲೋಟ ಕಾಫಿ ಕುಡಿಯಿರಿ. ನಿಮ್ಮ ಎತ್ತು ಇನ್ನೂ ನೀರು ಕುಡಿದಿಲ್ಲ."

ಗಾಡಿ ಹೋದ ಮೇಲೆ ವಾದಿರಾಜ ಕತ್ತಲೆಕೋಣೆಗೆ ಹೋಗಿ ಆ ಗಾಜನ್ನು ತಂದ. ಎದೆಗೆ ಅವಚಿಕೊಂಡು ನದಿ ದಾಟಿದ. ಅದರಿಂದ ಮಾಡಿದ ಕಾಗದದ ಚಿತ್ರವನ್ನೂ ಜೊತೆಗೆ ಒಯ್ದ.

"ಇದು ಚಿತ್ರದ ಬೇರು, ಹುಲಿಗೆವ್ವ," ಎಂದ. "ಇದು ಇರುವ ತನಕ ಚಿತ್ರ ಹುಟ್ಟುತ್ತಲೇ ಇರುತ್ತದೆ. ಇನ್ನು ಇದು ನಿನ್ನದು. ಇಟ್ಟುಕೋ, ಒಡೆದು ಹಾಕು, ನಿನ್ನಿಷ್ಟ."

ಹುಲಿಗೆವ್ವ ಗಾಜನ್ನು ಆಕಾಶಕ್ಕೆ ಎತ್ತಿ ಹಿಡಿದಳು. ಗಾಜಿನಲ್ಲಿ ಎಲ್ಲವೂ ತಿರುಗುಮುರುಗು. ಕಪ್ಪಿದ್ದಲ್ಲಿ ಬಿಳುಪು, ಬಿಳುಪಿದ್ದಲ್ಲಿ ಕಪ್ಪು. ಅವಳ ಕೂದಲು ಹಿಮದ ಹಾಗೆ ಬೆಳ್ಳಗಿತ್ತು.

"ಅಯ್ಯ, ಮುದುಕಿ ಆಗೀನಲ್ರಿ!" ಎಂದು ಹುಲಿಗೆವ್ವ ನಕ್ಕಳು. "ಯವ್ವಾ, ನೋಡ ಬಾ ಇಲ್ಲೆ, ನಿನ್ನಂಗಽ ಆಗೀನಿ!"

ಹುಣಸೆಮರದ ಬುಡದಿಂದ ಮುದುಕಿ ಇಳಿದು ಬಂದಳು. ನೋಡಿ ಅವಳೂ ನಕ್ಕಳು. ಮಗು ಮಾತ್ರ ಬರಲಿಲ್ಲ. ವಾದಿರಾಜ ಅದರ ಕಡೆ ಕೈಬೀಸಿದ. ಅದು ಮರದ ಹಿಂದೆ ಸರಿಯಿತು.

ನಗು ಮುಗಿದ ಮೇಲೆ ಹುಲಿಗೆವ್ವ ತೊಗಲು ಹೆರೆಯುವ ಕತ್ತಿ ತೆಗೆದುಕೊಂಡಳು. ನೀರಿನ ಅಂಚಿನಲ್ಲಿ ಕೂತು ಗಾಜನ್ನು ನೆನೆಸಿ ಹೆರೆಯತೊಡಗಿದಳು. ಸಿಟ್ಟಿನಿಂದಲ್ಲ, ಪಾತ್ರೆ ತಿಕ್ಕುವ ಹಾಗೆ, ನಿಧಾನವಾಗಿ. ಹೆಗಲು ಹೋಯಿತು. ಕೂದಲು ಹೋಯಿತು. ಕಣ್ಣಿನ ಹತ್ತಿರ ಬಂದಾಗ ವಾದಿರಾಜ ಮುಖ ತಿರುಗಿಸಿಕೊಂಡ. ಆಮೇಲೆ ಮನಸ್ಸು ಮಾಡಿ ನೋಡಿದ.

ಕಾಗದದ ಚಿತ್ರವನ್ನು ಅವಳು ಹೊಳೆಗೆ ಬಿಟ್ಟಳು. ಅದು ತೇಲಿಕೊಂಡು ಹೋಗಿ ನೆನೆದು ಮುಳುಗಿತು.

"ಗಾಜು ಚಲೋ ಐತ್ರಿ," ಎಂದು ಹುಲಿಗೆವ್ವ ಅದನ್ನು ಒರೆಸಿ ಕೊಟ್ಟಳು. "ಒಡದ್ರ ಕೂಸಿನ ಕಾಲಿಗೆ ಚುಚ್ಚತೈತಿ. ಒಯ್ರಿ. ನಾನಽ ದಾಟಸ್ತೀನಿ, ಹತ್ರಿ."

ಹರಿಗೋಲು ನಡುನೀರಿನಲ್ಲಿ ಗಿರ್ರನೆ ಒಂದು ಸುತ್ತು ತಿರುಗಿತು. ವಾದಿರಾಜ ಗಾಜನ್ನು ಅಪ್ಪಿಕೊಂಡು ಎದ್ದು ನಿಲ್ಲಲು ಹೋದ.

"ಅಲ್ಲಾಡಬ್ಯಾಡ್ರಿ ಧಣ್ಯಾರ," ಎಂದಳು ಹುಲಿಗೆವ್ವ, ಹುಟ್ಟು ಹಾಕುತ್ತ. "ಇಬ್ಬರೂ ಮುಳಗತೀವಿ."

ಅವನು ಅಲ್ಲಾಡದೆ ಕೂತ. ದಡ ಮುಟ್ಟುವವರೆಗೆ ಅವನು ಅವಳನ್ನೇ ನೋಡುತ್ತಿದ್ದ. ಅವಳು ಹುಟ್ಟನ್ನು ಯಾವ ಕಡೆ ಒತ್ತುತ್ತಾಳೆ, ಯಾವಾಗ ಎತ್ತುತ್ತಾಳೆ, ನೀರಿನ ಬಣ್ಣ ನೋಡಿ ಎಲ್ಲಿ ತಿರುಗಿಸುತ್ತಾಳೆ. ಇಳಿಯುವಾಗ ಕೇಳಿದ:

"ಹುಲಿಗೆವ್ವ, ನಾನು ಇನ್ನೊಮ್ಮೆ ಬರಲೇ? ಕ್ಯಾಮೆರಾ ಇಲ್ಲದೆ."

"ಹೊಳಿ ಯಾರ ಮನೀದ್ರಿ? ಬರ್ರಿ," ಎಂದಳು ಅವಳು. ಹುಟ್ಟು ಎತ್ತಿಕೊಳ್ಳುತ್ತ, "ಆದ್ರ ಕೂಸಿನ ಹತ್ರ ಹೋಗಬ್ಯಾಡ್ರಿ. ಅದಕ್ಕ ಬೇಕಾದ್ರ ಅದಽ ಬರ್ತೈತಿ," ಎಂದಳು.

"ಆಗಲಿ," ಎಂದ ವಾದಿರಾಜ.

ಗುರುಗಳು ಮಂಟಪದ ಮೆಟ್ಟಿಲ ಮೇಲೆ ಕೂತಿದ್ದರು. ವಾದಿರಾಜ ಬಂದು ಖಾಲಿ ಗಾಜನ್ನು ಅವರ ಕೈಗಿಟ್ಟ.

"ನಾನು ತೆಗೆದ ಚಿತ್ರಗಳಲ್ಲೇ ಶ್ರೇಷ್ಠವಾದದ್ದು ಅದಾಗಿತ್ತು, ಗುರುಗಳೇ. ಅಂಥದು ನನ್ನ ಕೈಯಿಂದ ಮತ್ತೆ ಬರುತ್ತದೋ ಇಲ್ಲವೋ. ಈಗ ಇದರಲ್ಲಿ ಏನೂ ಉಳಿದಿಲ್ಲ."

ಗುರುಗಳು ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಶಿಷ್ಯನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು ಅವನ ಮುಖದ ಮುಂದೆ ಅದನ್ನು ಹಿಡಿದರು.

"ನೋಡು," ಎಂದರು, "ಈಗ ಆಚೆ ದಡ ಕಾಣುತ್ತದೆ."